ದೊಡ್ಡಪ್ಪನ ಪದ್ಮಿನಿ ಮತ್ತು ಒಂದು ನಿಂಬೆಹಣ್ಣು

ದೊಡ್ಡಪ್ಪನ ಪ್ರೀಮಿಯರ್ ಪದ್ಮಿನಿ ಕಾರು ಅಡಿಕೆ ಕೊಟ್ಟಿಗೆಯಲ್ಲಿ 11 ವರ್ಷ ನಿಂತಿತ್ತು. ಆಯುಧಪೂಜೆಗೆ ಅದನ್ನು ಓಡಿಸಲೇಬೇಕು ಎಂದು ಅವರ ಹಟ. ಹೊಸ ಬ್ಯಾಟರಿ ಬಂತು. ಚಕ್ರದಡಿ ಇಡಲು ನಿಂಬೆಹಣ್ಣೂ ಬಂತು. "ಕೀ ತಿರುಗಿಸು, ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಗೇರ್ ಹಾಕಿ ತಳ್ಳೋಣ" ಎಂದರು. ನಾನು ಕೀ ತೆಗೆದು ಜೇಬಿಗೆ ಹಾಕಿಕೊಂಡೆ.

ನಿಂಬೆಹಣ್ಣಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಆ ತಳ್ಳುವ ನಂಬಿಕೆಯ ಮೇಲೆ. ಮೂಢನಂಬಿಕೆಗಳಲ್ಲಿ ಇದು ಜಾಸ್ತಿ ದುಬಾರಿಯದು.

ಓಡುವ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ಅಚ್ಚು) ತನ್ನನ್ನು ಹೊತ್ತ ಬೇರಿಂಗ್ ಮೇಲೆ ಕೂತಿರುವುದಿಲ್ಲ, ಎಣ್ಣೆಯ ಮೇಲೆ ತೇಲುತ್ತಿರುತ್ತದೆ. ಆ ಎಣ್ಣೆಪೊರೆ ಹೊರೆ ಬಿದ್ದ ಕಡೆ ನಮ್ಮ ತಲೆಗೂದಲಿನ ಹತ್ತನೇ ಒಂದು ಭಾಗದಷ್ಟೂ ದಪ್ಪವಿರುವುದಿಲ್ಲ. ಇದು ಗೊತ್ತಾಗಿದ್ದೇ ಒಂದು ತಮಾಷೆಯ ಕಥೆ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೋಶಾಂಪ್ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗ್‌ಗಳನ್ನು ಪರೀಕ್ಷೆ ಮಾಡುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗ್‌ನ ನೆತ್ತಿಗೆ ತೂತು ಕೊರೆದ. ಅಚ್ಚು ತಿರುಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದಲೇ ಉಕ್ಕಿ ಬಂತು! ಬಿರಡೆ ಜಡಿದ. ಬಿರಡೆಯೂ ಮೇಲೆದ್ದು ಬಂತು. ಒತ್ತಡದ ಮಾಪಕ ಕೂರಿಸಿದರೆ ಅದರ ಮುಳ್ಳು ಕೊನೆ ಮುಟ್ಟಿತು. ಇದರ ಹಿಂದಿನ ಲೆಕ್ಕವನ್ನು 1886ರಲ್ಲಿ ಬಿಡಿಸಿದವನು ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ.

ತಿರುಗುವ ಶಾಫ್ಟ್ ತನಗೆ ಅಂಟಿದ ಎಣ್ಣೆಯನ್ನು ಇಕ್ಕಟ್ಟಿನ ಸಂದಿಗೆ ಎಳೆದೊಯ್ಯುತ್ತದೆ. ಮುಂದೆ ಜಾಗ ಕಿರಿದು, ಹಿಂದಿನಿಂದ ನೂಕು. ಜಾತ್ರೆಯ ಜನವೆಲ್ಲ ಒಂದೇ ಸಣ್ಣ ಬಾಗಿಲಿಗೆ ನುಗ್ಗಿದ ಹಾಗೆ. ಆ ಒತ್ತಡವೇ ಶಾಫ್ಟನ್ನು ಎತ್ತಿ ಹಿಡಿಯುವುದು. ಜೋರು ಮಳೆಯಲ್ಲಿ ವೇಗವಾಗಿ ಹೋದ ಕಾರಿನ ಟೈರು ನೀರಿನ ಮೇಲೆ ತೇಲುತ್ತದಲ್ಲ, ಅದೂ ಹೆಚ್ಚುಕಮ್ಮಿ ಇದೇ. ರಸ್ತೆಯಲ್ಲಿ ಅದು ಅಪಘಾತ, ಎಂಜಿನ್‌ನಲ್ಲಿ ಅದೇ ಜೀವ. ಆಯಿಲ್ ಪಂಪ್ ಬರೀ ಎಣ್ಣೆ ಹೊತ್ತು ತರುವ ಆಳು. ಎತ್ತುವ ಕೆಲಸ ತಿರುಗುವಿಕೆಯದ್ದು. ಗಾಡಿ ಕಟ್ಟುವ ಮೊದಲು ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ನಮ್ಮ ಅಜ್ಜಂದಿರಿಗೆ ಈ ಗಣಿತ ಬೇಕಿರಲಿಲ್ಲ ಬಿಡಿ.

11 ವರ್ಷ ನಿಂತ ಎಂಜಿನ್‌ನಲ್ಲಿ ಆ ಎಣ್ಣೆಯೆಲ್ಲ ಇಳಿದು ತಳದ ಎಣ್ಣೆತೊಟ್ಟಿ (ಸಂಪ್) ಸೇರಿರುತ್ತದೆ. ಮಲೆನಾಡಿನ ತೇವಕ್ಕೆ ಪಿಸ್ಟನ್ ಸುತ್ತಲಿನ ರಿಂಗ್ ತುಕ್ಕು ಹಿಡಿದು ಸಿಲಿಂಡರ್‌ಗೆ ಕಚ್ಚಿಕೊಂಡಿರಲೂಬಹುದು. ಆಗ ಗೇರ್ ಹಾಕಿ ತಳ್ಳಿದರೆ ಕಾರಿನ ತೂಕವೆಲ್ಲ ಆ ತೆಳು ರಿಂಗ್‌ಗಳ ಮೇಲೆ. ಮುರಿಯದೆ ಇನ್ನೇನಾಗುತ್ತದೆ?

ನಾವು ಮಾಡಿದ್ದು ಇಷ್ಟು. ಏರ್ ಫಿಲ್ಟರ್‌ನಲ್ಲಿದ್ದ ಇಲಿಗೂಡು ತೆಗೆದೆವು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರ್‌ಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಎರಡು ದಿನ ಸುಮ್ನೆ ಬಿಟ್ಟೆವು. ಆಮೇಲೆ ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಮೆಲ್ಲಗೆ ತಿರುಗಿಸಿದೆ. ಮೊದಲು ಬಿಗಿ, ಆಮೇಲೆ ಸಡಿಲ. ತಿರುಗದಿದ್ದರೆ ಬಲ ಹಾಕುತ್ತಿರಲಿಲ್ಲ, ಇನ್ನೂ ನೆನೆಯಲು ಬಿಡುತ್ತಿದ್ದೆ. ಹಳೆ ಆಯಿಲ್, ರೇಡಿಯೇಟರ್ ನೀರು, ವಾರ್ನಿಷ್ ವಾಸನೆ ಬರುತ್ತಿದ್ದ ಪೆಟ್ರೋಲ್ ಎಲ್ಲ ಹೊರಗೆ, ಹೊಸದು ಒಳಗೆ. ಪೆಟ್ರೋಲ್ ಹೋಸ್‌ಗಳನ್ನೂ ಬದಲಿಸಿದೆವು. ಹಳೆಯ ರಬ್ಬರ್ ಈಗಿನ ಎಥನಾಲ್ ಬೆರೆತ ಪೆಟ್ರೋಲ್‌ಗೆ ತಡೆಯುವುದಿಲ್ಲ. ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿಯೇ.

"ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿದ್ದರೆ ಇದೆಲ್ಲ ಬೇಕಿರಲಿಲ್ಲ, ಅಲ್ವಾ?" ಎಂದರು ದೊಡ್ಡಪ್ಪ. ಅದೂ ತಪ್ಪು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೋಗುತ್ತದೆ. ಎರಡೇ ನಿಮಿಷ ಓಡಿಸಿದರೆ ಅದರಲ್ಲಿ ಸ್ವಲ್ಪ ಆಯಿಲ್‌ಗೂ ಸೈಲೆನ್ಸರ್‌ಗೂ ಇಳಿದು ಅಲ್ಲೇ ಉಳಿಯುತ್ತದೆ.

ಪ್ಲಗ್ ಹಾಕದೆ, ಕಿಡಿ ಹಾರದಂತೆ ಕಾಯಿಲ್ ವೈರ್ ತೆಗೆದು, ಸ್ಟಾರ್ಟರ್ ಅನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದೆವು. ಮೂರನೇ ಸಲಕ್ಕೆ ಆಯಿಲ್ ದೀಪ ಆರಿತು. ಪಂಪ್ ಎಣ್ಣೆ ಮೇಲೇರಿಸಿತ್ತು. ಆಗ ಕಾರನ್ನು ಅಂಗಳಕ್ಕೆ ತಳ್ಳಿದೆವು, ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಪ್ಲಗ್ ಹಾಕಿ ಕೀ ತಿರುಗಿಸಿದೆ. ಎರಡು ಸಲ ಕೆಮ್ಮಿ, ಒಂದಷ್ಟು ನೀಲಿ ಹೊಗೆ ಉಗುಳಿ, ಪದ್ಮಿನಿ ಗುರುಗುಟ್ಟಿತು.

ದೊಡ್ಡಪ್ಪ ನಿಂಬೆಹಣ್ಣು ಇಡಲು ಬಗ್ಗಿದರು. ಆಗ ಕಂಡಿತು: ಹಿಂದಿನ ಚಕ್ರದ ಒಳಗಿನಿಂದ ಬ್ರೇಕ್ ಆಯಿಲ್ ಇಳಿಯುತ್ತಿತ್ತು. ಕಾರು ಅವತ್ತು ಅಂಗಳ ದಾಟಲಿಲ್ಲ. ನಿಂಬೆಹಣ್ಣನ್ನು ದೊಡ್ಡಮ್ಮ ಚಿತ್ರಾನ್ನಕ್ಕೆ ಹಿಂಡಿದರು.