ಡಿಸ್ಪ್ರೋಸಿಯಮ್ ಫಾಸ್ಫೈಡ್: ಸಾಣಿಕಟ್ಟಾ ಉಪ್ಪಿನ ಅಚ್ಚಿನಲ್ಲಿ

ಗೋಕರ್ಣದ ಹತ್ತಿರದ ಸಾಣಿಕಟ್ಟಾ ಆಗರದಿಂದ ತಂದ ಹರಳುಪ್ಪನ್ನು ಭೂತಗನ್ನಡಿಯಲ್ಲಿ ನೋಡಿ: ಅಂಚು ನೇರ, ಮೂಲೆ ಚೌಕ. ಒಳಗೆ ಸೋಡಿಯಮ್, ಕ್ಲೋರಿನ್ ಅಯಾನುಗಳು ಚದುರಂಗದ ಕಪ್ಪು-ಬಿಳಿ ಮನೆಗಳ ಹಾಗೆ ಕುಳಿತಿವೆ. ಈ ಜೋಡಣೆಯಲ್ಲಿ ಮರುಕಳಿಸುವ ಅತಿಚಿಕ್ಕ ಘನಕ್ಕೆ ಘಟಕಕೋಶ ಎನ್ನುತ್ತಾರೆ; ಅದರ ಅಂಚು 0.564 ನ್ಯಾನೋಮೀಟರ್. ಡಿಸ್ಪ್ರೋಸಿಯಮ್ ಎಂಬ ವಿರಳ ಭೂಧಾತು ರಂಜಕದೊಡನೆ ಸೇರಿ ಆಗುವ ಡಿಸ್ಪ್ರೋಸಿಯಮ್ ಫಾಸ್ಫೈಡ್‌ನದೂ ಇದೇ ಜೋಡಣೆ, ಅಂಚು ಸುಮಾರು 0.565. ಮನೆಯ ಅಳತೆ ಹೆಚ್ಚುಕಡಿಮೆ ಒಂದೇ, ಒಳಗಿನವರು ಮಾತ್ರ ಭಾರ. ಸಾಂದ್ರತೆಯ ಲೆಕ್ಕ ನೀವೇ ಮಾಡಿ: ಘನ ಸೆಂಟಿಮೀಟರಿಗೆ ಉಪ್ಪು 2.16 ಗ್ರಾಂ, ಇದು ಸುಮಾರು 7.1 ಗ್ರಾಂ ಬರಬೇಕು.

ಕಾರವಾರದ ನಮ್ಮ ಓದಿನ ಗುಂಪಿನಲ್ಲಿ ಫಾಸ್ಫೇಟ್, ಫಾಸ್ಫೈಡ್ ಎರಡೂ ಒಂದೇ ಎಂಬ ಗೊಂದಲ ಪದೇ ಪದೇ ಆಗುತ್ತದೆ. ಕೇರಳದ ಚವರದ ಮರಳಿನಲ್ಲಿ ಸಿಗುವ ಮೊನಜೈಟ್ ವಿರಳ ಭೂಧಾತುಗಳ ಫಾಸ್ಫೇಟ್; ಅದರಲ್ಲಿ ಆಮ್ಲಜನಕವಿದೆ. ಫಾಸ್ಫೈಡ್‌ನಲ್ಲಿ ಇಲ್ಲ. ಲೋಹ ಮತ್ತು ಕೆಂಪು ರಂಜಕವನ್ನು ಗಾಳಿ ತೆಗೆದು ಮುಚ್ಚಿದ ಕ್ವಾರ್ಟ್ಸ್ ಕೊಳವೆಯಲ್ಲಿಟ್ಟು ಕಾಯಿಸಿ ವಿರಳ ಭೂಧಾತುಗಳ ಫಾಸ್ಫೈಡ್ ತಯಾರಿಸುತ್ತಾರೆ. ಕಾಯಿಸುವಾಗ ಅವಸರ ಮಾಡಿದರೆ ರಂಜಕದ ಆವಿಯ ಒತ್ತಡಕ್ಕೆ ಕೊಳವೆ ಸಿಡಿಯುತ್ತದೆ.

ಇನ್ನು ಉಪಯೋಗ. ನನಗೆ ಈ ಪಾಠದಲ್ಲಿ ಅತ್ಯಂತ ಹಿಡಿಸಿದ ಭಾಗ ಇದೇ. ಗ್ಯಾಲಿಯಮ್ ಆರ್ಸೆನೈಡ್ ಎಂಬ ಅರೆವಾಹಕದಲ್ಲಿ ಪರಮಾಣುಗಳ ಜೋಡಣೆಯ ರೀತಿ ಬೇರೆ, ಆದರೆ ಅಂಚಿನ ಅಳತೆ 0.5653 ನ್ಯಾನೋಮೀಟರ್. ಇದಕ್ಕೂ ಡಿಸ್ಪ್ರೋಸಿಯಮ್ ಫಾಸ್ಫೈಡ್‌ನ ಅಂಚಿಗೂ ನಡುವಿನ ವ್ಯತ್ಯಾಸ ಶೇಕಡ 0.01ಕ್ಕಿಂತ ಕಡಿಮೆ! ನಮ್ಮ ಕಡೆ ಮಾಡಿಗೆ ಹಂಚು ಹೊದಿಸುವುದನ್ನು ನೆನೆಯಿರಿ. ರೀಪಿನ ಅಂತರಕ್ಕೂ ಹಂಚಿನ ಅಳತೆಗೂ ಕೂದಲೆಳೆಯ ವ್ಯತ್ಯಾಸವಿದ್ದರೆ ಮೊದಲ ನಾಲ್ಕು ಸಾಲು ಕುಳಿತುಕೊಳ್ಳುತ್ತವೆ, ಹತ್ತನೆಯದು ಜಾರುತ್ತದೆ, ಆಷಾಢದಲ್ಲಿ ಸೋರುತ್ತದೆ. ಹರಳಿನ ಪದರಗಳಲ್ಲೂ ಹಾಗೆಯೇ. ಅಳತೆ ತಪ್ಪಿದಲ್ಲಿ ಬಿರುಕು, ದೋಷ. ಡಿಸ್ಪ್ರೋಸಿಯಮ್ ಫಾಸ್ಫೈಡ್ ಅರೆಲೋಹ, ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಆದ್ದರಿಂದ ಗ್ಯಾಲಿಯಮ್ ಆರ್ಸೆನೈಡ್ ಮೇಲೆ ದೋಷ ಕಡಿಮೆಯಿರುವ ಲೋಹಸಂಪರ್ಕವಾಗಿ ಇದನ್ನು ಬೆಳೆಸಿ ಪರೀಕ್ಷಿಸಿದ್ದಾರೆ. ತಿಂಗಳುಗಟ್ಟಲೆ ಗಾಳಿಯಲ್ಲಿಟ್ಟರೂ ಆ ಪದರ ಉತ್ಕರ್ಷಣಗೊಳ್ಳಲಿಲ್ಲ.

ಈ ಹೊಂದಿಕೆಯ ಹಿಂದೆ ಲ್ಯಾಂಥನೈಡ್ ಸಂಕೋಚನವಿದೆ. ವಿರಳ ಭೂಧಾತುಗಳ ಸಾಲಿನಲ್ಲಿ ಲ್ಯಾಂಥನಮ್‌ನಿಂದ ಲುಟೇಶಿಯಮ್ ಕಡೆಗೆ ಸಾಗಿದಂತೆ ಅಯಾನು ಕುಗ್ಗುತ್ತದೆ, ಫಾಸ್ಫೈಡ್‌ನ ಅಂಚೂ ಸುಮಾರು 0.60ರಿಂದ 0.55 ನ್ಯಾನೋಮೀಟರಿಗೆ ಇಳಿಯುತ್ತದೆ. ಬೇಕಾದ ಅಳತೆಯ ಧಾತುವನ್ನು ಸಾಲಿನಿಂದ ಆರಿಸಿಕೊಳ್ಳಬಹುದು.

ಬಂಧದ ಬಗ್ಗೆ ಒಂದು ಮಾತು: ಉಪ್ಪಿನಲ್ಲಿ ಆವೇಶ ಒಂದು-ಒಂದು, ಇಲ್ಲಿ ಮೂರು-ಮೂರು. ಶುದ್ಧ ಅಯಾನಿಕ ಚಿತ್ರದಲ್ಲಿ ಸೆಳೆತ ಒಂಬತ್ತು ಪಟ್ಟು. ಹಾಗಾಗಿ ಇದು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಉಪ್ಪಿಗಿಂತ ಬಹಳ ಹೆಚ್ಚಿನ ತಾಪವನ್ನು ತಾಳುತ್ತದೆ.

ಪ್ರಯೋಗಾಲಯದಲ್ಲಿ ಯಾವ ಫಾಸ್ಫೈಡ್ ಪುಡಿಯನ್ನೂ ಆಮ್ಲದ ಬಾಟಲಿಯ ಪಕ್ಕದಲ್ಲಿಡಬೇಡಿ. ಆಮ್ಲ ತಾಗಿದರೆ ಫಾಸ್ಫೀನ್ ಎಂಬ ವಿಷಾನಿಲ ಹೊರಬರುತ್ತದೆ. ಗೋದಾಮಿನಲ್ಲಿ ಅಕ್ಕಿಯ ಹುಳು ಸಾಯಿಸಲು ಇಡುವ ಅಲ್ಯೂಮಿನಿಯಮ್ ಫಾಸ್ಫೈಡ್ ಗುಳಿಗೆ ಬಿಡುವುದೂ ಇದೇ ವಿಷವನ್ನು.