ಯುರೋಪ್ ದರ ಕಟ್ಟಿತು, ಅಮೆರಿಕ ದುಡ್ಡು ಕೊಟ್ಟಿತು: ಯಾಕೆ?

ಯುರೋಪಿಗೆ ಬೋಲ್ಟು, ನಟ್ಟು ಕಳಿಸುವ ಕಾರ್ಖಾನೆಗಳಿಗೆ ಇಂಗಾಲದ ಲೆಕ್ಕ, ಅಂದರೆ ಸರಕು ತಯಾರಿಸುವಾಗ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿತ್ತು ಅನ್ನುವ ಲೆಕ್ಕ, ಮಾಡಿಕೊಡುವುದು ನನ್ನ ಕೆಲಸ. ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು: ಅಮೆರಿಕದ ಗಿರಾಕಿ ಈ ಲೆಕ್ಕ ಕೇಳುವುದಿಲ್ಲ, ಯುರೋಪಿನವರಿಗೆ ಮಾತ್ರ ಯಾಕೆ ಬೇಕು? ಯುರೋಪಿನವರಿಗೆ ಪರಿಸರದ ಕಾಳಜಿ ಜಾಸ್ತಿ ಅಂತ ಹೇಳಿ ಮುಗಿಸಬಹುದು. ಆದರೆ ನನ್ನ ಪ್ರಕಾರ ಕಾಳಜಿಗಿಂತ ಮತದಾನದ ನಿಯಮಗಳೇ ಇದನ್ನು ಹೆಚ್ಚು ತೀರ್ಮಾನಿಸಿವೆ.

ಹೊಗೆಗೆ ಮಿತಿ ಹಾಕಿ, ಪರವಾನಗಿಗಳನ್ನು ಮಾರಲು, ಕೊಳ್ಳಲು ಬಿಡುವ ಉಪಾಯ ದೊಡ್ಡ ಮಟ್ಟದಲ್ಲಿ ಮೊದಲು ನಡೆದದ್ದು ಅಮೆರಿಕದಲ್ಲಿ. ಆಮ್ಲಮಳೆ ತಡೆಯಲು 1990ರಲ್ಲಿ ತಂದ ಕಾನೂನು ಅದು. 1997ರಲ್ಲಿ ಜಪಾನಿನ ಕ್ಯೋಟೋದಲ್ಲಿ ನಡೆದ ಹವಾಮಾನ ಮಾತುಕತೆಯಲ್ಲೂ ಇದಕ್ಕೆ ಪಟ್ಟು ಹಿಡಿದದ್ದು ಅಮೆರಿಕವೇ. ಯುರೋಪ್ ಆಗ ಹಿಂಜರಿಯುತ್ತಿತ್ತು. 1992ರಲ್ಲಿ ಅದು ಇಂಗಾಲದ ಮೇಲೆ ತೆರಿಗೆ ಹಾಕುವ ಪ್ರಸ್ತಾವ ಮಾಡಿತ್ತು. ಆದರೆ ಯುರೋಪಿಯನ್ ಒಕ್ಕೂಟದಲ್ಲಿ ತೆರಿಗೆಗೆ ಎಲ್ಲ ದೇಶಗಳೂ ಒಪ್ಪಬೇಕು. ಒಪ್ಪಲಿಲ್ಲ. ಪರವಾನಗಿ ಮಾರುಕಟ್ಟೆ ಪರಿಸರ ಕಾನೂನಿನ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಬಹುಮತ ಸಾಕು. ಹಾಗಾಗಿ 2005ರಲ್ಲಿ ಅದೇ ಶುರುವಾಯಿತು.

ಮೊದಲ ವರ್ಷಗಳು ಚೆನ್ನಾಗಿರಲಿಲ್ಲ. ಪರವಾನಗಿಗಳನ್ನು ಬಿಟ್ಟಿಯಾಗಿ ಹಂಚಿದರು. 2008ರ ಆರ್ಥಿಕ ಕುಸಿತ ಬಂತು. ಒಂದು ಟನ್ ಇಂಗಾಲದ ಡೈಆಕ್ಸೈಡ್ ಬಿಡುವ ಪರವಾನಗಿಯ ದರ ವರ್ಷಗಟ್ಟಲೆ 10 ಯೂರೋಗಿಂತ ಕಡಿಮೆಯೇ ಉಳಿಯಿತು. ಆದರೂ ಕೈಬಿಡದೆ ರಿಪೇರಿ ಮಾಡಿದರು. 2019ರಿಂದ ಹೆಚ್ಚುವರಿ ಪರವಾನಗಿಗಳನ್ನು ಮಾರುಕಟ್ಟೆಯಿಂದ ಹಿಂದೆಳೆದುಕೊಳ್ಳುವ ವ್ಯವಸ್ಥೆ ಬಂತು. 2023ರ ಫೆಬ್ರುವರಿಯಲ್ಲಿ ದರ 100 ಯೂರೋ ದಾಟಿತು.

ಅಮೆರಿಕ ಸುಮ್ನೆ ಕೂತಿರಲಿಲ್ಲ. 2009ರಲ್ಲಿ ಇಂಥದ್ದೇ ಮಸೂದೆ ಕೆಳಮನೆಯಲ್ಲಿ 219-212ರಿಂದ ಪಾಸಾಯಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮತ ಬೇಕು. ಅಷ್ಟು ಸಿಗುವ ಹಾಗಿರಲಿಲ್ಲ, ಮಸೂದೆ ಅಲ್ಲೇ ಸತ್ತಿತು. ಒಬಾಮ 2015ರಲ್ಲಿ ವಿದ್ಯುತ್ ಸ್ಥಾವರಗಳಿಗೆ ನಿಯಮ ತಂದರು. ಮರುವರ್ಷವೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಉಳಿದ ದಾರಿ ಒಂದೇ: ಬಜೆಟ್ ಮಸೂದೆ. ಅದಕ್ಕೆ ಸರಳ ಬಹುಮತ ಸಾಕು, ಆದರೆ ಅದರಲ್ಲಿ ತೆರಿಗೆ ಮತ್ತು ಖರ್ಚಿನ ವಿಷಯ ಮಾತ್ರ ಇರಬಹುದು. ಹಾಗಾಗಿ 2022ರ ಕಾನೂನಿನಲ್ಲಿ ಹೆಚ್ಚಾಗಿ ಇದ್ದದ್ದು ಪ್ರೋತ್ಸಾಹಧನ. ಸೋಲಾರ್, ಗಾಳಿ ವಿದ್ಯುತ್, ಬ್ಯಾಟರಿಗೆ ತೆರಿಗೆ ರಿಯಾಯಿತಿ, ಎಲೆಕ್ಟ್ರಿಕ್ ಕಾರಿಗೆ 7,500 ಡಾಲರ್‌ವರೆಗೆ. ಸೆನೆಟ್‌ನಲ್ಲಿ 50-50 ಆದಾಗ ಆಗಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ಮತದಿಂದ ಗೆದ್ದಿತು. 2025ರ ಜುಲೈನಲ್ಲಿ ಮತ್ತೆ 50-50. ಈ ಸಲ ಉಪಾಧ್ಯಕ್ಷರಾಗಿದ್ದ ಜೆ.ಡಿ. ವ್ಯಾನ್ಸ್ ಅವರ ಮತ, ಅದೂ ರಿಯಾಯಿತಿಗಳನ್ನು ಕತ್ತರಿಸಲು. ಕಾರಿನ ಹಣ ಸೆಪ್ಟೆಂಬರ್ 30ಕ್ಕೆ ನಿಂತಿತು.

ಹಣ ಕೊಟ್ಟರೆ ಕಾರ್ಖಾನೆಗಳು ಬೇಗ ಬರುತ್ತವೆ, ನಿಜ. ಆದರೆ ಇಪ್ಪತ್ತು ವರ್ಷ ಬಾಳುವ ಯಂತ್ರಕ್ಕೆ ಬಂಡವಾಳ ಹಾಕುವವರಿಗೆ ಮುಂದಿನ ಚುನಾವಣೆಗೆ ಬದಲಾಗುವ ನೀತಿ ಸಾಲದು. ಅದಕ್ಕೇ ನನಗೆ ಯುರೋಪಿನ ದಾರಿ ಮೇಲು ಅನ್ನಿಸುತ್ತದೆ.

ಆದರೆ ಆ ದಾರಿಯ ಭಾರ ನಮ್ಮ ಮೇಲೂ ಬೀಳುತ್ತಿದೆ. ಯುರೋಪ್ ತನ್ನ ಉಕ್ಕಿನ ಕಂಪನಿಗಳಿಗೆ ದರ ಹಾಕಿದ ಮೇಲೆ, ದರವಿಲ್ಲದ ದೇಶದ ಅಗ್ಗದ ಉಕ್ಕು ಒಳಗೆ ಬಂದರೆ ಅವು ಉಳಿಯುವುದಿಲ್ಲ, ಅಲ್ವಾ? ಅದಕ್ಕೆ 2026ರ ಜನವರಿಯಿಂದ ಗಡಿಯಲ್ಲೂ ಇಂಗಾಲದ ಶುಲ್ಕ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಎಲ್ಲಕ್ಕೂ. ಮೊದಲ ವರ್ಷ ಭಾರ ಕಡಿಮೆ, 2034ರ ಹೊತ್ತಿಗೆ ಪೂರ್ತಿ. ವಾತಾವರಣ ತುಂಬಿಸಿದ ದೇಶಗಳು ತಮ್ಮ ಲೆಕ್ಕವನ್ನು ಭಾರತದ ಚಿಕ್ಕ ಕಾರ್ಖಾನೆಯ ಬಾಗಿಲಿಗೆ ತಂದಿಡುವುದು ನ್ಯಾಯವಲ್ಲ. ಇದನ್ನು ನಾನು ಯುರೋಪಿನ ಖರೀದಿದಾರರಿಗೂ ಹೇಳುತ್ತೇನೆ.

ಶುಲ್ಕ ಕಟ್ಟುವುದು ಅಲ್ಲಿನ ಆಮದುದಾರ. ನೀವು ಸರಕು ಕಳಿಸುವ ಕಾರ್ಖಾನೆಯವರಾದರೆ, ಅವನು ಅದನ್ನು ನಿಮ್ಮ ಬೆಲೆಯಲ್ಲಿ ಮುರಿದುಕೊಳ್ಳಲು ನೋಡುತ್ತಾನೆ. ನಿಮ್ಮ ಹತ್ತಿರ ಅಳೆದ ಅಂಕಿ ಇಲ್ಲದಿದ್ದರೆ ಯುರೋಪ್ ತಾನೇ ನಿಗದಿ ಮಾಡಿದ ಅಂಕಿ ಹಿಡಿಯುತ್ತದೆ, ಅದು ಸಾಮಾನ್ಯವಾಗಿ ಜಾಸ್ತಿಯೇ. ಬೋಲ್ಟಿನ ಇಂಗಾಲದಲ್ಲಿ ದೊಡ್ಡ ಪಾಲು ನಿಮ್ಮ ಶೆಡ್ಡಿನದಲ್ಲ, ನೀವು ಕೊಂಡ ಉಕ್ಕಿನ ತಂತಿಯದು. ಕಲ್ಲಿದ್ದಲು ಉರಿಸುವ ಊದು ಕುಲುಮೆಯಲ್ಲಿ ಅದಿರಿನಿಂದ ಮಾಡಿದ ಉಕ್ಕಿಗೂ ಗುಜರಿ ಕರಗಿಸಿದ ಉಕ್ಕಿಗೂ ಅಜಗಜಾಂತರ. ಆದ್ದರಿಂದ ಮುಂದಿನ ಆರ್ಡರ್ ಕೊಡುವ ಮೊದಲೇ ಮಿಲ್ಲಿನವರಿಂದ ಆ ಅಂಕಿಯನ್ನು ಬರಹದಲ್ಲಿ ತೆಗೆದುಕೊಳ್ಳಿ.