‘ಏನು ತಿಂದ್ರಿ?’: ಮಧುಮೇಹದ ಕಳಂಕ ಮತ್ತು ವೈದ್ಯರ ಅರಿವು

ಮೂರು ತಿಂಗಳಿಗೊಮ್ಮೆ ಅಮ್ಮನನ್ನು ಸಕ್ಕರೆ ಕಾಯಿಲೆಯ ತಪಾಸಣೆಗೆ ಕರೆದುಕೊಂಡು ಹೋಗಬೇಕಾದ ದಿನ ಹತ್ತಿರವಾದಂತೆ ನಮ್ಮ ಮನೆಯಲ್ಲಿ ಅದರ ಸುಳಿವು ಸಿಗುತ್ತಿತ್ತು. ರಾತ್ರಿಯ ಅನ್ನ ಒಂದು ಸೌಟಿಗೆ ಇಳಿಯುತ್ತಿತ್ತು, ನೆಂಟರ ಮನೆಯ ಶುಭಕಾರ್ಯಗಳಿಗೆ ಹೋಗುವುದು ನಿಲ್ಲುತ್ತಿತ್ತು, ಅಮ್ಮನ ಮಾತೂ ಕಡಿಮೆಯಾಗುತ್ತಿತ್ತು. ಕಾಯಿಲೆಗೆ ಅವಳು ಅಷ್ಟಾಗಿ ಹೆದರಿದವಳಲ್ಲ. ಅವಳನ್ನು ಕಾಡುತ್ತಿದ್ದದ್ದು ವೈದ್ಯರ ಎದುರು ಕೂರಬೇಕಾದ ಆ ಐದು ನಿಮಿಷ. ವರದಿಯ ಹಾಳೆಯ ಮೇಲೆ ಕಣ್ಣಾಡಿಸಿ ಅವರು ಮೊದಲು ಕೇಳುತ್ತಿದ್ದದ್ದು, “ಏನಮ್ಮ, ಏನು ತಿಂದ್ರಿ?” ಎಂದು. ಅಮ್ಮ ತಲೆ ತಗ್ಗಿಸಿ, ತಿನ್ನದ ಹೋಳಿಗೆಯನ್ನೂ ತಿಂದೆನೆಂದು ಒಪ್ಪಿಕೊಳ್ಳುತ್ತಿದ್ದಳು.

ಆ ವೈದ್ಯರು ಒರಟರೇನಲ್ಲ. ಅವರಿಗೆ ಅಮ್ಮನ ಮೇಲೆ ಕಾಳಜಿ ಇತ್ತು, ಆ ಪ್ರಶ್ನೆಯೂ ಕಾಳಜಿಯಿಂದಲೇ ಬಂದದ್ದು. ಮಧುಮೇಹದ ಕಳಂಕದ ಬಗ್ಗೆ ಬರೆಯುವಾಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ ಇದು. ಈ ಕಳಂಕ ಬೈಗುಳದ ರೂಪದಲ್ಲಿ ಬಂದಿದ್ದರೆ ವೈದ್ಯರೇ ಅದನ್ನು ಗುರುತಿಸಿ ತಿದ್ದಿಕೊಳ್ಳುತ್ತಿದ್ದರು. ಅದು ಬುದ್ಧಿಮಾತಿನ ರೂಪದಲ್ಲಿ ಬರುವುದರಿಂದ ಹೇಳಿದವರಿಗೆ ಕಾಣುವುದಿಲ್ಲ, ಕೇಳಿಸಿಕೊಂಡವರಿಗೆ ಮರೆಯುವುದಿಲ್ಲ.

ಕಳಂಕ ಎಂದರೆ ಒಬ್ಬ ವ್ಯಕ್ತಿಯ ಒಂದು ಲಕ್ಷಣವನ್ನು ಹಿಡಿದು ಇಡೀ ವ್ಯಕ್ತಿಗೆ ಬೆಲೆ ಕಟ್ಟುವುದು. ಮಧುಮೇಹದಲ್ಲಿ ಈ ಬೆಲೆಕಟ್ಟುವಿಕೆಗೆ ಬಾಯಿಚಪಲ, ಸೋಮಾರಿತನ, ಸಂಯಮವಿಲ್ಲದ ಬದುಕು ಎಂಬ ಸಿದ್ಧ ಪದಗಳಿವೆ. ಅನೇಕ ದೇಶಗಳ ತಜ್ಞರು ಸೇರಿ 2024ರಲ್ಲಿ ಪ್ರಕಟಿಸಿದ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆಯೊಂದರ ಪ್ರಕಾರ, ಮಧುಮೇಹವಿರುವ ಐವರು ವಯಸ್ಕರಲ್ಲಿ ಸರಾಸರಿ ನಾಲ್ವರು ಒಂದಲ್ಲ ಒಂದು ಬಗೆಯ ಕಳಂಕವನ್ನು ಅನುಭವಿಸುತ್ತಾರೆ. ಐವರಲ್ಲಿ ಒಬ್ಬರು ಉದ್ಯೋಗ, ಶಿಕ್ಷಣ ಅಥವಾ ಚಿಕಿತ್ಸೆಯಲ್ಲಿಯೇ ತಾರತಮ್ಯಕ್ಕೆ ಒಳಗಾಗುತ್ತಾರೆ. ಭಾರತವೂ ಸೇರಿದಂತೆ 17 ದೇಶಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ‘ಡಾನ್–2’ ಅಧ್ಯಯನದ ಒಂದು ಫಲಿತಾಂಶ ವೈದ್ಯರ ಅರಿವಿನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಮಧುಮೇಹ ನಿಮ್ಮ ಬದುಕನ್ನು ಹೇಗೆ ತಟ್ಟಿದೆ ಎಂದು ರೋಗಿಗಳನ್ನು ಕೇಳುತ್ತೇವೆ ಎಂದು ಚಿಕಿತ್ಸೆ ನೀಡುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಹೇಳಿದರು. ನಮ್ಮನ್ನು ಹಾಗೆ ಕೇಳಿದ್ದಾರೆ ಎಂದವರು ರೋಗಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿರಲಿಲ್ಲ. ಇಬ್ಬರೂ ಸುಳ್ಳು ಹೇಳಿದ್ದಾರೆಂದು ನನಗೆ ಅನಿಸುವುದಿಲ್ಲ. ‘ಹೇಗಿದ್ದೀರಿ?’ ಎಂದು ಕೇಳಿ, ಉತ್ತರ ಬರುವ ಮೊದಲೇ ವರದಿಯತ್ತ ಕಣ್ಣು ಹಾಯಿಸಿದರೆ, ಒಬ್ಬರ ಲೆಕ್ಕದಲ್ಲಿ ಕೇಳಿದಂತಾಯಿತು, ಇನ್ನೊಬ್ಬರ ಲೆಕ್ಕದಲ್ಲಿ ಆಗಲಿಲ್ಲ.

ವರದಿಯಲ್ಲಿರುವ ಆ ಅಂಕಿ ರೋಗಿಯ ನಡತೆಗೆ ಹಿಡಿದ ಕನ್ನಡಿ ಎಂಬ ನಂಬಿಕೆ ಎಷ್ಟು ದುರ್ಬಲವೆಂದು ವೈದ್ಯವಿಜ್ಞಾನವೇ ತೋರಿಸಿದೆ. ಎಚ್‌ಬಿಎ1ಸಿ ಪರೀಕ್ಷೆ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಗ್ಲೂಕೋಸನ್ನು ಅಳೆದು ಸುಮಾರು ಮೂರು ತಿಂಗಳ ಸರಾಸರಿಯನ್ನು ಸೂಚಿಸುತ್ತದೆ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಅಂಕಿ ನಿಜಕ್ಕಿಂತ ತುಸು ಹೆಚ್ಚಾಗಿ ಕಾಣಬಹುದು. 15ರಿಂದ 49 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿರುವ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಬೆಳಗಿನ ಜಾವ ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನುಗಳ ಏರಿಕೆಯಿಂದ ಯಕೃತ್ತು ತಾನಾಗಿಯೇ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ರಾತ್ರಿ ಒಂದು ರೊಟ್ಟಿ ತಿಂದು ಮಲಗಿದವರ ಸಕ್ಕರೆ ಬೆಳಿಗ್ಗೆ ಹೆಚ್ಚಿದ್ದರೆ, ಅವರು ರಾತ್ರಿ ಎದ್ದು ಡಬ್ಬಿಗೆ ಕೈಹಾಕಿರಬೇಕೆಂದು ಮನೆಯವರು ಅನುಮಾನಿಸುತ್ತಾರೆ. ಅಂಥ ವೇಳೆ ವೈದ್ಯರಾದರೂ ಈ ಯಕೃತ್ತಿನ ಕಥೆಯನ್ನು ಮನೆಯವರಿಗೆ ಬಿಡಿಸಿ ಹೇಳಬೇಕು.

ಇನ್ನು ಕಾಯಿಲೆಯ ಬೇರುಗಳ ವಿಚಾರ. ಹೆಚ್ಚಿನವರಲ್ಲಿ ಕಾಣುವ ಎರಡನೇ ಬಗೆಯ (ಟೈಪ್ 2) ಮಧುಮೇಹಕ್ಕೆ ಸಂಬಂಧಿಸಿದಂತೆ ಮನುಷ್ಯನ ಜೀನೋಮಿನಲ್ಲಿ, ಅಂದರೆ ವಂಶವಾಹಿಗಳ ಇಡೀ ಸಮೂಹದಲ್ಲಿ, ನೂರಾರು ತಾಣಗಳನ್ನು ಗುರುತಿಸಲಾಗಿದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ದೇಹಗಳನ್ನು ಹೋಲಿಸಿ ತೋರಿಸಿದ್ದು ಪ್ರಸಿದ್ಧವಾಗಿದೆ. ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ದೇಹತೂಕ ಸೂಚ್ಯಂಕ (ಬಿಎಂಐ) ಇಬ್ಬರದೂ 22.3, ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ದೇಹದಲ್ಲಿ ಶೇ. 21.2. ಸಪೂರವಾಗಿ ಕಾಣುವ ಭಾರತೀಯ ದೇಹದೊಳಗೆ ಕೊಬ್ಬು ಹೀಗೆ ಅಡಗಿರುತ್ತದೆ, ಮತ್ತು ಅದರ ಮೊದಲ ಗೆರೆಗಳು ಗರ್ಭದಲ್ಲಿಯೇ ಮೂಡುತ್ತವೆ.

ಇದಕ್ಕೆ ಮಹತ್ವದ ಸಾಕ್ಷ್ಯ ಒದಗಿಸಿದ ಊರುಗಳಲ್ಲಿ ಮೈಸೂರೂ ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ಸಂಶೋಧಕರು ಆ ಮಕ್ಕಳನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಉದ್ದ ಕಡಿಮೆಯಿದ್ದು, ಆ ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ ಮಧುಮೇಹ ಹೆಚ್ಚಾಗಿರುವುದು ಕಂಡಿತು. ಅದೇ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನ, ಗರ್ಭಿಣಿಯಾಗಿದ್ದಾಗ ಮಧುಮೇಹ ಕಾಣಿಸಿಕೊಂಡ ತಾಯಂದಿರ ಮಕ್ಕಳ ದೇಹದಲ್ಲಿ ಬಾಲ್ಯದಲ್ಲಿಯೇ ಕೊಬ್ಬು ಹೆಚ್ಚಿರುವುದನ್ನು ದಾಖಲಿಸಿತು. ತೊಟ್ಟಿಲಿನಲ್ಲಿದ್ದ ಕೂಸಿಗೆ ಯಾವ ಬಾಯಿಚಪಲ? ಆಹಾರಕ್ಕೂ ನಡಿಗೆಗೂ ಪಾತ್ರವೇ ಇಲ್ಲವೆಂದು ಇದರ ಅರ್ಥವಲ್ಲ. ಅವು ಮುಖ್ಯ, ಖಂಡಿತ ಮುಖ್ಯ. ಆದರೆ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಊಟ ಮಾಡಿದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಬಂದರೆ, ಅವರನ್ನು ಮಾತ್ರ ತಪ್ಪಿತಸ್ಥರೆಂದು ಕರೆಯಲು ವಿಜ್ಞಾನದಲ್ಲಿ ಆಧಾರವಿಲ್ಲ.

ಕಳಂಕ ಅತ್ಯಂತ ಹೆಚ್ಚು ಹಾನಿ ಮಾಡುವುದು ಇನ್ಸುಲಿನ್ ವಿಷಯದಲ್ಲಿ ಎಂದು ನನ್ನ ಎಣಿಕೆ. “ಹೀಗೇ ಮುಂದುವರಿಸಿದರೆ ಇಂಜೆಕ್ಷನ್ ಹಾಕಬೇಕಾಗುತ್ತೆ ನೋಡಿ” ಎಂಬ ಮಾತನ್ನು ಕೇಳದ ರೋಗಿ ಅಪರೂಪ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ 1998ರಲ್ಲಿ ಮುಖ್ಯ ಫಲಿತಾಂಶಗಳನ್ನು ನೀಡಿದ ದೊಡ್ಡ ಅಧ್ಯಯನವೊಂದು, ಕಾಯಿಲೆ ಪತ್ತೆಯಾಗುವ ವೇಳೆಗೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಸಾಮರ್ಥ್ಯ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಚಿಕಿತ್ಸೆಯ ನಡುವೆಯೂ ಅದು ಇಳಿಯುತ್ತಲೇ ಹೋಗುತ್ತದೆ ಎಂದು ತೋರಿಸಿತು. ಅಂದರೆ ವರ್ಷಗಳು ಕಳೆದಂತೆ ಅನೇಕರಿಗೆ ಇನ್ಸುಲಿನ್ ಬೇಕಾಗುವುದು ಕಾಯಿಲೆಯ ಸಹಜ ಗತಿ. ಅದನ್ನು ಶಿಕ್ಷೆಯೆಂದು ವರ್ಷಗಟ್ಟಲೆ ಬೆದರಿಸಿ, ಕೊನೆಗೊಂದು ದಿನ ಔಷಧವೆಂದು ಬರೆದುಕೊಟ್ಟರೆ, ರೋಗಿ ಅದನ್ನು ಸೋಲೆಂದೇ ಓದಿಕೊಳ್ಳುತ್ತಾರೆ. ಚೀಟಿಯನ್ನು ಮಡಚಿ ಚೀಲದಲ್ಲಿಟ್ಟು, ನಾಲ್ಕು ತಿಂಗಳು ನಾಟಿ ಔಷಧಿಯ ಹಿಂದೆ ಅಲೆಯುತ್ತಾರೆ. ಕಣ್ಣಿನ ಅಕ್ಷಿಪಟಲಕ್ಕೂ ಮೂತ್ರಪಿಂಡಕ್ಕೂ ಆ ನಾಲ್ಕು ತಿಂಗಳು ನಷ್ಟವೇ.

ಮೊದಲ ಬಗೆಯ ಮಧುಮೇಹದ ಮಕ್ಕಳ ಪಾಡು ಬೇರೆಯದು. ಅವರ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ನಾಶಮಾಡಿರುತ್ತದೆ, ಇನ್ಸುಲಿನ್ ಇಲ್ಲದೆ ಅವರು ಬದುಕಲಾರರು. ಶಾಲೆಯ ಶೌಚಾಲಯದಲ್ಲಿ ಕದ್ದು ಸೂಜಿ ಚುಚ್ಚಿಕೊಳ್ಳುವ ಹುಡುಗಿ, ಮದುವೆಯ ಮಾತುಕತೆಯಲ್ಲಿ ಕಾಯಿಲೆಯನ್ನು ಮುಚ್ಚಿಟ್ಟು, ಗಂಡನ ಮನೆಯಲ್ಲಿ ಡೋಸ್ ತಪ್ಪಿಸಿ ಪ್ರಾಣಾಪಾಯಕ್ಕೆ ಸಿಲುಕುವ ಯುವತಿ, ಇವರ ಸಂಕಟ ವೈದ್ಯರು ಕೇಳದ ಹೊರತು ಯಾವ ವರದಿಯಲ್ಲಿಯೂ ಕಾಣಿಸುವುದಿಲ್ಲ.

ವೈದ್ಯಲೋಕ ತನ್ನ ಭಾಷೆಯನ್ನು ಗಮನಿಸತೊಡಗಿ ಬಹಳ ಕಾಲವಾಗಿಲ್ಲ. ಮಧುಮೇಹದ ಕುರಿತು ಬಳಸುವ ಪದಗಳ ಬಗ್ಗೆ 2011ರಲ್ಲಿ ಆಸ್ಟ್ರೇಲಿಯಾದ ಮಧುಮೇಹ ಸಂಸ್ಥೆ, 2017ರಲ್ಲಿ ಅಮೆರಿಕದ ಸಂಸ್ಥೆಗಳು, 2018ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ ಮಾರ್ಗದರ್ಶನ ಹೊರತಂದವು. ಜಪಾನಿನಲ್ಲಿ ಈ ಕಾಯಿಲೆಗಿರುವ ಹೆಸರಿನ ಅಕ್ಷರಶಃ ಅರ್ಥ ‘ಸಕ್ಕರೆ ಮೂತ್ರದ ರೋಗ’; ಆ ಹೆಸರೇ ಅವಮಾನಕರವೆಂದು ಅಲ್ಲಿನ ವೈದ್ಯರ ಮತ್ತು ರೋಗಿಗಳ ಸಂಘಟನೆಗಳು ಸೇರಿ 2023ರಲ್ಲಿ ‘ಡಯಾಬಿಟಿಸ್’ ಎಂಬ ಪದವನ್ನೇ ಬಳಸುವ ಪ್ರಸ್ತಾಪ ಮುಂದಿಟ್ಟವು. ನಮ್ಮ ಹಳೆಯ ಪುಸ್ತಕಗಳ ‘ಸಿಹಿಮೂತ್ರ ರೋಗ’ವೂ ಅದೇ ಜಾತಿಯ ಪದ. ಅದು ಬಳಕೆಯಿಂದ ತಾನಾಗಿಯೇ ಜಾರಿ ‘ಶುಗರ್’ ಬಂತು, ಕಳಂಕ ಮಾತ್ರ ಹಾಗೆಯೇ ಉಳಿಯಿತು. ಆದ್ದರಿಂದ ಹೆಸರಿಗಿಂತ ಹೆಚ್ಚಾಗಿ ವಾಕ್ಯ ಬದಲಾಗಬೇಕೆಂದು ನನಗೆ ತೋರುತ್ತದೆ. ‘ಈ ಪೇಷಂಟ್ ಮಾತು ಕೇಳಲ್ಲ’ ಎಂದು ಕಡತದಲ್ಲಿ ಬರೆದರೆ ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. ‘ಸಂಜೆಯ ಮಾತ್ರೆ ವಾರಕ್ಕೆ ಮೂರು ದಿನ ತಪ್ಪುತ್ತಿದೆ’ ಎಂದು ಬರೆದರೆ ಏಕೆ ಎಂಬ ಪ್ರಶ್ನೆ ಏಳುತ್ತದೆ.

ಹೆದರಿಸದಿದ್ದರೆ ಜನ ಕೇಳುವುದಿಲ್ಲ ಎನ್ನುವ ವೈದ್ಯರ ಅಳಲನ್ನು ನಾನು ತಳ್ಳಿಹಾಕಲಾರೆ. ಕೊಳೆತ ಪಾದವನ್ನು ಕತ್ತರಿಸಬೇಕಾಗಿ ಬಂದ ದಿನಗಳನ್ನು ಅವರು ಕಂಡಿದ್ದಾರೆ. ಹೊರಗೆ ನೂರು ಜನ ಸಾಲುಗಟ್ಟಿ ನಿಂತಿರುವಾಗ ಒಬ್ಬರ ಬದುಕಿನ ಕಥೆ ಕೇಳುವಷ್ಟು ಬಿಡುವು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾರಿಗೂ ಇಲ್ಲ. ಆದರೂ ಹೆದರಿದ ರೋಗಿ ಮೊದಲು ಕಲಿಯುವುದು ಮುಚ್ಚಿಡುವುದನ್ನು. ಗ್ಲೂಕೋಮೀಟರಿನ ಅಂಕಿಗಳನ್ನು ತಿದ್ದಿ ಬರೆದ ಪುಸ್ತಕವನ್ನು ನಂಬಿ ಡೋಸ್ ನಿರ್ಧರಿಸಬೇಕಾದ ವೈದ್ಯರಿಗೂ ಅದರಿಂದ ತೊಂದರೆಯೇ.

ಕಳೆದ ವರ್ಷ ಅಮ್ಮನನ್ನು ಬೇರೆ ವೈದ್ಯೆಯೊಬ್ಬರ ಬಳಿಗೆ ಕರೆದೊಯ್ದೆ. ಅವರು ವರದಿಯನ್ನು ಪಕ್ಕಕ್ಕಿಟ್ಟು, “ಈ ಮಾತ್ರೆಗಳಲ್ಲಿ ನಿಮಗೆ ತುಂಬಾ ಕಷ್ಟ ಆಗೋದು ಯಾವುದಮ್ಮ?” ಎಂದು ಕೇಳಿ ಸುಮ್ಮನೆ ಕಾದರು. ಅಮ್ಮ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ಹೇಳಿದಳು. ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕಾದ ಮಾತ್ರೆಯನ್ನು ಏಳು ಗಂಟೆಗೇ ನುಂಗುತ್ತಿದ್ದಳು. ನಾನು ಕೆಲಸದಿಂದ ಬರುವುದು ಒಂಬತ್ತೂವರೆಗೆ, ನನ್ನನ್ನು ಬಿಟ್ಟು ಅವಳು ಉಣ್ಣುವವಳಲ್ಲ. ಒಂದು ರಾತ್ರಿ ಊಟ ತಡವಾಗಿ, ಸಕ್ಕರೆ ತೀರಾ ಇಳಿದು, ಕೈಕಾಲು ನಡುಗಿ, ಬೆವತು, ಅಡುಗೆಮನೆಯಲ್ಲಿ ಕುಸಿದು ಕುಳಿತಳಂತೆ. ಅಂದಿನಿಂದ ಆ ಮಾತ್ರೆಯನ್ನು ಬಿಟ್ಟೇಬಿಟ್ಟಿದ್ದಳು. ಬೈಯುತ್ತಾರೆಂದು ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ವೈದ್ಯೆ ಆ ಮಾತ್ರೆಯನ್ನು ಬದಲಿಸಿ ಬರೆದುಕೊಟ್ಟರು.